ಭೂಬಳಕೆ ಬದಲಾವಣೆಗೆ ಆಕ್ಷೇಪಣೆ ಕೊಟ್ಟರೆ ಯಾರಾದರೂ ಓದುತ್ತಾರಾ?

ನಿಮ್ಮ ಬಡಾವಣೆ ಪಕ್ಕದ ಹಸಿರು ವಲಯದ ಜಮೀನನ್ನು ವಾಣಿಜ್ಯ ಬಳಕೆಗೆ ಬದಲಾಯಿಸುವ ಪ್ರಕಟಣೆ ಪೇಪರಿನಲ್ಲಿ ಬಂದಿದೆ, ಆಕ್ಷೇಪಣೆ ಕೊಟ್ಟು ಪ್ರಯೋಜನ ಉಂಟೇ ಎಂದು ಕೇಳಿದ್ದೀರಿ. ನಮ್ಮ ನಿವಾಸಿಗಳ ಸಂಘಕ್ಕೆ ಇಂಥ ಪತ್ರಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಿದ್ದಿದ್ದರಿಂದ ಗೊತ್ತಿರುವಷ್ಟು ಹೇಳುತ್ತೇನೆ. ಓದುತ್ತಾರೆ ಎಂಬ ಭರವಸೆ ನಾನು ಕೊಡಲಾರೆ. ಆದರೆ ಕೊಡದೆ ಸುಮ್ಮನಿದ್ದರೆ ಕಡತದಲ್ಲಿ "ಯಾವುದೇ ಆಕ್ಷೇಪಣೆ ಬಂದಿಲ್ಲ" ಎಂದು ಒಂದು ಸಾಲು ಸೇರುತ್ತದೆ. ಮುಂದೆ ನೀವು ಎಲ್ಲಿಗೇ ಹೋದರೂ ಆ ಸಾಲು ನಿಮಗಿಂತ ಮೊದಲೇ ಅಲ್ಲಿರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಲು ಡಿಸಿ ಕಚೇರಿಯಲ್ಲಿ ಮಾಡಿಸುವ ಕನ್ವರ್ಷನ್ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್‌ಗೆ ಸೇರಿದ್ದು. ನೀವು ನೋಡಿರುವುದು ಅದಲ್ಲ. ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಹೇಳುವ ಮಾಸ್ಟರ್ ಪ್ಲ್ಯಾನಿನಲ್ಲಿ ಗುರುತಿಸಿದ ಬಳಕೆಯನ್ನೇ ಬದಲಾಯಿಸುವುದಕ್ಕೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಸೆಕ್ಷನ್ ಇದೆ. ಯೋಜನಾ ಪ್ರಾಧಿಕಾರ ಸರ್ಕಾರದ ಪೂರ್ವಾನುಮತಿ ಪಡೆದು ಬದಲಾವಣೆ ಮಾಡಬಹುದು, ಆದರೆ ಅದು ಸಾರ್ವಜನಿಕ ಹಿತಕ್ಕಾಗಿರಬೇಕು, ಬೇರೆ ಕಾನೂನಿಗೆ ವಿರುದ್ಧವಾಗಿರಬಾರದು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು. ನಿಮ್ಮ ಪತ್ರ ನಿಲ್ಲಬೇಕಾದ್ದು ಈ ಮೂರರ ಮೇಲೆ.

ಹೆಚ್ಚಿನವರು ಎಡವುವುದೂ ಇಲ್ಲೇ. "ಪರಿಸರ ಹಾಳಾಗುತ್ತದೆ, ದಯವಿಟ್ಟು ತಡೆಯಿರಿ" ಎಂದು ಇನ್ನೂರು ಜನ ಒಂದೇ ನಮೂನೆಗೆ ಸಹಿ ಹಾಕುತ್ತಾರೆ. ಅದಕ್ಕೆ "ಪರಿಶೀಲಿಸಲಾಗಿದೆ" ಎಂದು ಒಂದೇ ಪದದಲ್ಲಿ ಉತ್ತರ ಕೊಡುವುದು ಸುಲಭ. ಸರ್ವೆ ನಂಬರ್ ಹಾಕಿ, ಪಕ್ಕದಲ್ಲಿ ರಾಜಕಾಲುವೆ ಹಾದುಹೋಗಿದ್ದರೆ ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ, ಇರುವ ರಸ್ತೆ ಎಷ್ಟು ಅಗಲ ಎಂದು ಅಳೆದು ಬರೆಯಿರಿ. ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಯಾವುದು, ಮಾಲೀಕರ ಲಾಭ ಬಿಟ್ಟು ಬೇರೇನಿದೆ ಎಂದು ನೇರವಾಗಿ ಕೇಳಿ. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ. ಸ್ವಲ್ಪ ಸಮಯ ಬಿಟ್ಟು, ನಿಮ್ಮ ಆಕ್ಷೇಪಣೆಯ ಮೇಲೆ ಬರೆದ ಟಿಪ್ಪಣಿಯ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ನನ್ನ ಮಟ್ಟಿಗೆ ಆ ಅರ್ಜಿ ಮೂಲ ಪತ್ರದಷ್ಟೇ ಮುಖ್ಯ, ಏಕೆಂದರೆ ಕಾರಣ ಕೊಡದೆ ತಳ್ಳಿಹಾಕಿದ್ದಾರೆ ಎಂದು ತೋರಿಸಲು ಬೇರೆ ದಾಖಲೆ ನಿಮ್ಮ ಕೈಯಲ್ಲಿರುವುದಿಲ್ಲ.

ಕೋರ್ಟ್ ಮೆಟ್ಟಿಲು ಹತ್ತಬೇಕಾದರೆ 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವನ್ನು ವಕೀಲರಿಗೆ ನೆನಪಿಸಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಗಿತ್ತು. ಆದೇಶ ಬಂದದ್ದು ಮುಖ್ಯಮಂತ್ರಿ ಮಟ್ಟದಿಂದ. ಆದರೂ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದು ಹೇಳಿತು. "ನಿಮ್ಮ ಜಾಗ ಅಲ್ಲವಲ್ಲ, ನಿಮಗೇನು?" ಎನ್ನುವವರಿಗೆ ಅದೇ ಉತ್ತರ.

ಹೋರಾಟದ ದಾರಿ ಬೇರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟದ್ದು 2025ರ ಜುಲೈನಲ್ಲಿ, ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತ ಮೇಲೆ. ಅದು ಭೂಸ್ವಾಧೀನದ ವಿಷಯ, ಜೀವನೋಪಾಯವೇ ಪಣಕ್ಕಿತ್ತು. ಒಂದು ಬಡಾವಣೆಯ ಸಂಘಕ್ಕೆ ಅಷ್ಟು ಕಾಲ ಕೂರುವ ಶಕ್ತಿ ಇರುವುದಿಲ್ಲ, ಹಾಗಾಗಿ ಕಾಗದದ ದಾರಿಯನ್ನೇ ಗಟ್ಟಿ ಮಾಡಿಕೊಳ್ಳುವುದು ಮೇಲು.

ಇನ್ನು ನೀತಿಯನ್ನೇ ಬದಲಾಯಿಸುವ ಮಾತು. ಅದಕ್ಕೆ ಸರಿಯಾದ ಹೊತ್ತು ಮಾಸ್ಟರ್ ಪ್ಲ್ಯಾನಿನ ಕರಡು ಹೊರಬಿದ್ದಾಗ. ಬೆಂಗಳೂರಿಗೆ 2031ರವರೆಗಿನ ಯೋಜನೆಯ ಕರಡು 2017ರಲ್ಲಿ ಬಂತು, 2020ರಲ್ಲಿ ಸರ್ಕಾರ ಅದನ್ನು ವಾಪಸ್ ಪಡೆಯಿತು, 2007ರಲ್ಲಿ ಒಪ್ಪಿಗೆಯಾದ ಹಳೆಯ ಯೋಜನೆಯೇ ಮುಂದುವರಿಯಿತು. ಯೋಜನೆ ಹಳತಾದಷ್ಟೂ ಬಿಡಿಬಿಡಿ ಬದಲಾವಣೆಗೆ ಅರ್ಜಿ ಹಾಕುವವರಿಗೆ "ಪರಿಸ್ಥಿತಿ ಬದಲಾಗಿದೆ" ಎನ್ನುವ ನೆಪ ಸಿಗುತ್ತದೆ. ನಿಮ್ಮೂರಿನ ಯೋಜನೆ ಯಾವ ಇಸವಿಯದು ಎಂದು ಪ್ರಾಧಿಕಾರದಲ್ಲಿ ವಿಚಾರಿಸಿ. ಪರಿಷ್ಕರಣೆ ಹತ್ತಿರದಲ್ಲಿದ್ದರೆ, ಈ ಒಂದು ಸರ್ವೆ ನಂಬರನ್ನು ಈಗಲೇ ಬದಲಾಯಿಸುವ ಅವಸರವೇನು ಎಂದೂ ಪತ್ರದಲ್ಲಿ ಸೇರಿಸಿ. ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನ ಮಾತ್ರ ತಪ್ಪಿಸಬೇಡಿ. ಪತ್ರ ಅಂದವಾಗಿಲ್ಲದಿದ್ದರೂ ಪರವಾಗಿಲ್ಲ.