ಹಳೆಯ ಹಾಡನ್ನು ಸ್ವತಂತ್ರ ಬ್ಯಾಂಡೊಂದು ಮತ್ತೆ ಧ್ವನಿಮುದ್ರಿಸಲು ಅನುಮತಿ ಬೇಕೇ?

ಇದಕ್ಕೆ ಉತ್ತರ ಹಾಡಿನ ವಯಸ್ಸಿಗಿಂತ ಹೆಚ್ಚಾಗಿ, ಅದರ ಯಾವ ಭಾಗವನ್ನು ನೀವು ಬಳಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಸಾಹಿತ್ಯ, ರಾಗಸಂಯೋಜನೆ, ಮೂಲ ಧ್ವನಿಮುದ್ರಣ ಈ ಮೂರಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ.

ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು. ಭಾರತದಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷಗಳವರೆಗೆ ಮಾತ್ರ ಇರುವುದರಿಂದ, ಅವರ ತತ್ವಪದಗಳು ಇಂದು ಎಲ್ಲರ ಸ್ವತ್ತು. ರಘು ದೀಕ್ಷಿತ್ ಅವರ ತಂಡ ಆ ಪದಗಳನ್ನು ತನ್ನದೇ ಧಾಟಿಯಲ್ಲಿ ಹಾಡಿ ಹೊಸ ತಲೆಮಾರಿಗೆ ತಲುಪಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಕೆಲಸ. ಆದರೆ ಅದೇ ಪದಗಳಿಗೆ ಸಿ. ಅಶ್ವತ್ಥ್ ಅವರು ಕೂಡಿಸಿದ ರಾಗವನ್ನು ಬಳಸುವುದಾದರೆ ಮಾತು ಬೇರೆ: ಅಶ್ವತ್ಥ್ ಅಗಲಿದ್ದು 2009ರಲ್ಲಿ, ಹಾಗಾಗಿ ಆ ಸಂಯೋಜನೆಯ ಮೇಲಿನ ಹಕ್ಕು ಇನ್ನೂ ಜೀವಂತವಾಗಿದೆ.

ಚಿತ್ರಗೀತೆಗಳಿಗೆ ಹಕ್ಕುದಾರರಿಂದ ನೇರವಾಗಿ ಪರವಾನಗಿ ಪಡೆಯುವುದೇ ಸರಳ ದಾರಿ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ಕಲಮು ಶಾಸನಬದ್ಧ ಪರವಾನಗಿಯ, ಅಂದರೆ ಹಕ್ಕುದಾರರ ಒಪ್ಪಿಗೆಯಿಲ್ಲದೆಯೇ ಕಾನೂನಿನ ಷರತ್ತುಗಳಂತೆ ಹಾಡನ್ನು ಮತ್ತೆ ಧ್ವನಿಮುದ್ರಿಸುವ, ಅವಕಾಶವನ್ನೇನೋ ಕೊಡುತ್ತದೆ. ಆದರೆ ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ತಿಳಿವಳಿಕೆ ಪತ್ರ ಕೊಡಬೇಕು, ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಚಿಕ್ಕ ತಂಡಕ್ಕೆ ಇದು ನಿಜಕ್ಕೂ ಭಾರವೇ. ಅದಕ್ಕಿಂತ ಮುಖ್ಯವಾಗಿ, ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಗಳನ್ನು ಈ ಕಲಮು ಒಪ್ಪುವುದಿಲ್ಲವಾದ್ದರಿಂದ, ಹಾಡನ್ನು ಹೊಸದಾಗಿ ಕಟ್ಟಬಯಸುವವರಿಗೆ ಹಕ್ಕುದಾರರ ಲಿಖಿತ ಒಪ್ಪಿಗೆಯೇ ಭದ್ರವಾದ ಆಧಾರ.