‘ಹೀರೋಸ್’: ಕೇಟ್ಲಿನ್ ಕಥೆ ಎಲ್ಲಿ ಹೋತು?

‘ಹೀರೋಸ್’ ಅಂದ್ರ ವಿಶೇಷ ಶಕ್ತಿ ಇರೋ ಮಂದಿಯ ಅಮೆರಿಕದ ಟಿವಿ ಸರಣಿ. ಅದನ್ನ ರೈಲಿನಾಗ 2ನೇ ಸೀಸನ್ನಿನ 7ರ ತನಕ ನೋಡಿ, ನಾಯಕರೊಳಗ ಒಬ್ಬನಾದ ಪೀಟರ್‌ನ ಗೆಳತಿ ಕೇಟ್ಲಿನ್ ಏನಾದಳು, ನಡುವ ಯಾವುದರೆ ಎಪಿಸೋಡ್ ಬಿಟ್ಟುಹೋತೇನು ಅಂತ ಕೇಳೀರಿ. ನಿಮ್ಮ ಎಪಿಸೋಡ್ ಯಾವುದೂ ಬಿಟ್ಟುಹೋಗಿಲ್ರಿ. ಅಮೆರಿಕದ ಬರಹಗಾರರ ಮುಷ್ಕರದಿಂದ 2007ರಾಗ 2ನೇ ಸೀಸನ್ 11 ಎಪಿಸೋಡಿಗೇ ನಿಂತಿತು. ವೈರಸ್ ಹರಡೋ ಕಥೆ ಕೈಬಿಟ್ಟು ಕೊನೆ ಬದಲಿಸಿದರು, ಪೀಟರ್ ಜೋಡಿ ಭವಿಷ್ಯಕ್ಕ ಹೋಗಿ ಅಲ್ಲೇ ಸಿಕ್ಕಿಬಿದ್ದ ಕೇಟ್ಲಿನ್ ಕಥೆ ಅಲ್ಲಿಗೇ ನಿಂತಿತು. ಹುಡುಕಬ್ಯಾಡ್ರಿ.

ಮೊದಲು 2ನೇ ಸೀಸನ್ನಿನ 8ರಿಂದ 11 ಮುಗಿಸ್ರಿ. 3ನೇ ಸೀಸನ್ನಿನಾಗ 1ರಿಂದ 13 ಓಡಿಸ್ಕೊಂಡು ನೋಡಿದ್ರೂ ನಡೀತದ. ಖಳನಾಯಕ ಸೈಲರ್ ಅಲ್ಲಿ ಒಮ್ಮೆ ಒಳ್ಳೇವ, ಒಮ್ಮೆ ಕೆಟ್ಟವ, ತಲೆ ಚಿಟ್ಟು ಹಿಡೀತದ. 6ನೇದು ಮಾತ್ರ ದಾಟಬ್ಯಾಡ್ರಿ, ಇಲ್ಲಾಂದ್ರ ಪೀಟರ್‌ನ ಶಕ್ತಿ ಯಾಕ ಬದಲಾತು ತಿಳಿಯಂಗಿಲ್ಲ. 14ರಿಂದ ಸರ್ಕಾರ ಶಕ್ತಿ ಇರೋ ಮಂದಿಯ ಬೇಟೆ ಶುರು ಮಾಡ್ತದ, ಕಥಿಗೆ ಬಿಗಿ ಬರ್ತದ. ಸರಣಿಯ ಬರಹಗಾರ ಬ್ರಯಾನ್ ಫುಲ್ಲರ್ ಬರೆದ 20ನೇದು ಕೊಪ್ಪಳ–ಹೊಸಪೇಟೆ ರೈಲಿನ ಗದ್ದಲದಾಗ ಬ್ಯಾಡ, ಮನ್ಯಾಗ ನೋಡ್ರಿ.

4ನೇ ಸೀಸನ್ ನಿಮಗ ಹಿಡಿಸ್ತದೋ ಇಲ್ಲೋ ಹೇಳಾಕಾಗಲ್ಲ. 3ರ ಕೊನೆಗೆ ಬ್ಯಾಸರಾದ್ರ ಅಲ್ಲೇ ಬಿಡ್ರಿ.