ಅಪ್ಪನ ಹಾಗೆ ನನಗೂ ಒಸಡಿನಲ್ಲಿ ರಕ್ತ. ಬಾಯಿಯ ಬ್ಯಾಕ್ಟೀರಿಯಾ ವಂಶದಿಂದಲೇ ಬರುತ್ತಾ? ಜೀನ್ ಟೆಸ್ಟ್ ಮಾಡಿಸಲಾ?

"ನಮ್ಮ ಮನೆತನದ ಹಲ್ಲೇ ಹಾಗೆ" ಅಂತ ಬರೆದಿದ್ದೀರಲ್ಲ, ಆ ಮಾತನ್ನು ನಾನೂ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ನಮ್ಮಪ್ಪನಿಗೆ 50 ತುಂಬುವ ಮೊದಲೇ ಕೆಳಸಾಲಿನ ಹಲ್ಲು ಒಂದೊಂದಾಗಿ ಅಲ್ಲಾಡಿ ಬಿದ್ದವು. ಹುಳುಕು ಒಂದೂ ಇರಲಿಲ್ಲ. ದೊಡ್ಡಪ್ಪನದೂ ಅದೇ ಕತೆ. ಅಜ್ಜಿ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹಾಗಾಗಿ 31ನೇ ವಯಸ್ಸಿಗೆ ಉಗುಳಿದ ನೊರೆಯಲ್ಲಿ ಕೆಂಪು ಕಂಡಾಗ ನನಗೆ ಗಾಬರಿಯೇ ಆಗಲಿಲ್ಲ. ಬರಬೇಕಾದ್ದು ಬಂತು ಅಂದುಕೊಂಡೆ.

ಆಮೇಲೆ ಮಾಡಿದ್ದು ಒಂದೇ ತಪ್ಪು. ರಕ್ತ ಬರುವ ಜಾಗವನ್ನು ಉಜ್ಜುವುದನ್ನೇ ಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ "ಆ ಕಡೆ ಬ್ರಷ್ ತಾಗಿಸಲ್ಲ" ಅಂತ ಬರೆದಿದ್ದೀರಿ. ಗಾಯವಾಗಿದೆ, ಕೆದಕಬಾರದು ಅನ್ನೋ ಲೆಕ್ಕ ನನ್ನದು. ಮೊಣಕಾಲು ತರಚಿದರೆ ಮುಟ್ಟದೇ ಬಿಡ್ತೀವಲ್ಲ, ಹಾಗೆ. ಆದರೆ ಇದು ತರಚಿದ ಗಾಯ ಅಲ್ಲ. ಹಲ್ಲು ಒಸಡು ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ ಕೂತು ಲೋಳೆಯಂಥ ಪದರ ಕಟ್ಟುತ್ತವೆ, ಅದಕ್ಕೇ ಒಸಡು ಊದುವುದು, ಮುಟ್ಟಿದರೆ ರಕ್ತ ಬರುವುದು. ಉಜ್ಜದೇ ಬಿಟ್ಟರೆ ಆ ಪದರಕ್ಕೆ ಜೊಲ್ಲಿನ ಸುಣ್ಣದ ಅಂಶ ಸೇರಿ ಗಾರೆ ಹಾಗೆ ಗಟ್ಟಿಯಾಗುತ್ತದೆ, ಒಸಡು ಹಲ್ಲನ್ನು ಬಿಟ್ಟುಕೊಂಡು ಸಂದಿ ಬೀಳುತ್ತದೆ, ಗಾಳಿಯಾಡದ ಆ ಸಂದಿಯಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾ ಬಂದು ನೆಲೆಸುತ್ತವೆ. ರಕ್ತ ಬರುತ್ತೆ ಅಂತ ಬಿಟ್ಟಿದ್ದಕ್ಕೇ ರಕ್ತ ಜಾಸ್ತಿಯಾಯ್ತು. ಜಾಸ್ತಿಯಾಯ್ತು ಅಂತ ಇನ್ನಷ್ಟು ಜಾಗ ಬಿಟ್ಟೆ. ಹೀಗೆ 4 ವರ್ಷ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ಮನೆಯಲ್ಲಿ ಹೇಳುತ್ತಿದ್ದರು, ಅದನ್ನೂ ನಂಬಿದೆ.

ಒಂದು ಸಂಜೆ ಕೋಡುಬಳೆ ಕಚ್ಚಿದಾಗ ಕೆಳಗಿನ ಮುಂದಿನ ಹಲ್ಲು ಅಲ್ಲಾಡಿತು. ಡಾಕ್ಟರು ಗೆರೆ ಹಾಕಿದ ತೆಳ್ಳನೆಯ ಕಡ್ಡಿಯೊಂದನ್ನು ಒಸಡಿನ ಸಂದಿಗೆ ಇಳಿಸುತ್ತಾ, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿಗೆ "ಮೂರು, ಮೂರು, ಏಳು" ಅಂತ ಹೇಳುತ್ತಾ ಹೋದರು. 3 ಮಿಲಿಮೀಟರ್‌ವರೆಗೆ ಪರವಾಗಿಲ್ಲವಂತೆ. ಏಳು ಅಂದಲ್ಲಿ ಮೂಳೆಯೇ ಕರಗಿತ್ತು. 2 ಹಲ್ಲು ತೆಗೆಸಬೇಕಾಯಿತು.

ಡೆನ್ಮಾರ್ಕಿನ ಆರ್ಹಸ್‌ನಲ್ಲಿ 12 ಜನ ಬೇಕಂತಲೇ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದ್ದರು, ಅದರ ವರದಿ 1965ರಲ್ಲಿ ಬಂತು. 10ರಿಂದ 21 ದಿನದೊಳಗೆ 12 ಜನರಿಗೂ ಒಸಡು ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಎಲ್ಲರದ್ದೂ ಇಳಿಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಜೀನ್‌ಗಳ ಪಾತ್ರವೇ ಇಲ್ಲ ಅಂತಲ್ಲ. ಬರೀ ಅನ್ನ ಒಂದು ತುತ್ತು ಬಾಯಿಗಿಟ್ಟು ನುಂಗದೇ ಅಗಿಯುತ್ತಾ ಇರಿ, ಸಿಹಿಯಾಗುತ್ತದೆ. ಜೊಲ್ಲಿನ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ರುಚಿ ಅದು. ಅದರ ಜೀನ್ ಎಎಂವೈ1, ಕೆಲವರಲ್ಲಿ ಎರಡು ಮೂರು ಪ್ರತಿ, ಕೆಲವರಲ್ಲಿ ಹತ್ತಕ್ಕೂ ಜಾಸ್ತಿ. ಜಾಸ್ತಿ ಇರುವವರ ಜೊಲ್ಲಿನಲ್ಲಿ ಪಾರ್ಫಿರೋಮೊನಾಸ್ ಗುಂಪಿನ ಬ್ಯಾಕ್ಟೀರಿಯಾ ಹೆಚ್ಚು ಅಂತ 2019ರ ಒಂದು ಅಧ್ಯಯನದಲ್ಲಿ ಕಂಡಿತು. ಒಸಡಿನ ರೋಗದಲ್ಲಿ ಮೊದಲು ಕೇಳಿಬರುವ ಬ್ಯಾಕ್ಟೀರಿಯಾ ಇದೇ ಗುಂಪಿನದು. ಅಂದರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಆದರೆ 2017ರಲ್ಲಿ ಆಸ್ಟ್ರೇಲಿಯಾದ ಅವಳಿ ಮಕ್ಕಳ ಹಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾ ಪದರ ನೋಡಿದಾಗ, ವಂಶದ ಪ್ರಭಾವ ಇರುವ ಬ್ಯಾಕ್ಟೀರಿಯಾ ಬೇರೆ, ಹುಳುಕು ಮಾಡುವಂಥವು ಬೇರೆ ಅಂತ ಗೊತ್ತಾಯಿತು. ವಂಶದಿಂದ ಬಂದವು ವಯಸ್ಸಾದಂತೆ, ಸಕ್ಕರೆ ತಿಂದಂತೆ ಕಡಿಮೆಯಾಗುತ್ತಿದ್ದವು.

ನನ್ನ ಕೇಳಿದರೆ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಎಎಂವೈ1 ಎಷ್ಟಿದೆ ಅಂತ ತಿಳಿದು ನಾಳೆ ಬೆಳಗ್ಗೆ ಏನು ಬೇರೆ ಮಾಡುತ್ತೀರಿ? ಚಿಕ್ಕ ಮಕ್ಕಳ ಹಲ್ಲು ಅಲ್ಲಾಡಿ ಉದುರುವುದು, ಜೊತೆಗೆ ಅಂಗೈ ಅಂಗಾಲು ದಪ್ಪಗಾಗುವುದು, ಅಂಥ ಅಪರೂಪದ ಕಾಯಿಲೆ ಆದರೆ ಡಾಕ್ಟರೇ ಜೀನ್ ಟೆಸ್ಟ್ ಕೇಳುತ್ತಾರೆ. ನಿಮ್ಮದು ಅದಲ್ಲ. ಆ ದುಡ್ಡಲ್ಲಿ ಸ್ಕೇಲಿಂಗ್, ಅಂದರೆ ಗಾರೆಯಂತೆ ಗಟ್ಟಿಯಾದ ಆ ಪದರವನ್ನು ಕೆರೆದು ತೆಗೆಯುವ ಕ್ಲೀನಿಂಗ್, ಮಾಡಿಸಿ, ಶುಗರ್ ಚೆಕ್ ಮಾಡಿಸಿ, ಯಾಕೆಂದರೆ ಶುಗರ್ ಜಾಸ್ತಿ ಇದ್ದರೆ ಒಸಡು ಬೇಗ ಹಾಳಾಗುತ್ತದೆ. ಅಪ್ಪನಿಂದ ನಮಗೆ ಬಂದದ್ದು ಬರೀ ಜೀನ್ ಅಲ್ಲ. ರಾತ್ರಿ ಹಲ್ಲುಜ್ಜದೇ ಮಲಗುವುದೂ ನಾನು ಅಪ್ಪನನ್ನು ನೋಡಿಯೇ ಕಲಿತದ್ದು.

ಇವತ್ತು ರಾತ್ರಿಯೇ ಮೆತ್ತನೆ ಬ್ರಷ್ ತಗೊಂಡು ರಕ್ತ ಬರುವ ಜಾಗಕ್ಕೇ ಓರೆಯಾಗಿ ಹಿಡಿದು ನಿಧಾನ ಉಜ್ಜಿ. ಡಾಕ್ಟರ ಹತ್ತಿರ ಹೋದಾಗ ಪ್ರತಿ ಹಲ್ಲಿನ ಒಸಡಿನ ಸಂದಿಯ ಅಳತೆ ಬರೆಸಿಕೊಂಡು ಬನ್ನಿ, ಆರು ತಿಂಗಳಾದ ಮೇಲೆ ಮತ್ತೆ ಅಳೆಸಿ. ನನ್ನ ಉಳಿದ ಹಲ್ಲುಗಳಲ್ಲಿ 6 ಮಿಲಿಮೀಟರ್ ಇದ್ದ ಜಾಗಗಳು ಈಗ 4ಕ್ಕೆ ಬಂದಿವೆ.